ಮರಿ ಹಾರಿದ ಮೇಲೆ

ರಾಜರು ಗಡಿಗಾಗಿ ಕಾದಾಡಿದ್ದಾರೆ, ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಕೋರ್ಟಿನ ಮೆಟ್ಟಿಲು ಸವೆಸಿದ್ದಾರೆ. ಈ ಮನೆಯಲ್ಲಿ ಆ ಬೆಳಿಗ್ಗೆ ಇತ್ಯರ್ಥವಾಗಬೇಕಿದ್ದದ್ದು ಅವಕ್ಕೆಲ್ಲ ಸರಿಸಮನಾದ ಪ್ರಶ್ನೆ: ಹುಳದ ಡಬ್ಬಿ ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆಯ ಪಕ್ಕ ಇರಬೇಕೋ, ಒಳಗೆ ಹಿಂದಿನ ಮೂಲೆಯಲ್ಲಿ ಕಣ್ಣಿಗೆ ಬೀಳದಂತೆ ಇರಬೇಕೋ.

"ಹಿಂದಿಟ್ರೆ ಥಂಡಿ ಜಾಸ್ತಿ, ಸತ್ತೋಗ್ತವೆ. ಬಾಗಿಲಲ್ಲಾದ್ರೆ ಹದವಾಗಿರುತ್ತೆ," ಎಂದರು ಮಾವ.

"ಹೌದು, ಅವು ಸಾಯಬಾರದು. ಬೆಣ್ಣೆ ತಿನ್ನೋರು ಸತ್ರೆ ಪರವಾಗಿಲ್ಲ," ಎಂದರು ಅತ್ತೆ.

"ನಾನಂತೂ ಬೆಣ್ಣೆ ಬಿಟ್ಟಾಯ್ತಪ್ಪಾ," ಎಂದಳು ಮೊಮ್ಮಗಳು, ಒಣ ಬ್ರೆಡ್ಡು ಕಡಿಯುತ್ತ. "ಮೊನ್ನೆ ಮುಚ್ಚಳ ತೆಗೆದಾಗ ಒಂದು ಹುಳ ತಲೆಯೆತ್ತಿ ನನ್ನನ್ನೇ ನೋಡ್ತಿತ್ತು."

"ಹುಳಕ್ಕೆ ನಿನ್ನ ಮುಖ ನೋಡೋದೇ ಕೆಲಸವಾ?" ಎಂದರು ಮಾವ.

ಎಲ್ಲರೂ ಮನೆಯ ಮಗನ ಕಡೆ ತಿರುಗಿದರು. ಅವನು ಬಸ್ ಡ್ರೈವರು. ರಸ್ತೆಯ ಮೇಲೆ ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ತೆಗೆದುಕೊಳ್ಳುತ್ತಿದ್ದ ಮನುಷ್ಯ ಮನೆಯೊಳಗೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದ.

"ನೋಡೋಣ," ಎಂದು ಅವನು ಶೂ ಹಾಕಿಕೊಂಡು ಹೊರಟ. ಮನೆಯಲ್ಲಿ ಅವನಿಗೆ ಆ ಹೆಸರೇ ನಿಂತುಹೋಗಿತ್ತು. ಸ್ವಂತ ಮಗಳೇ ಫೋನಿನಲ್ಲಿ ಅಪ್ಪನ ನಂಬರನ್ನು 'ನೋಡೋಣ' ಎಂದು ಇಟ್ಟುಕೊಂಡಿದ್ದಳು.

ಸೊಸೆ ಡಬ್ಬಿಯನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಬೆಣ್ಣೆಯಿದ್ದ ಜಾಗದಲ್ಲಿಟ್ಟಳು. ಬೆಣ್ಣೆಯನ್ನು ಹಿಂದಕ್ಕೆ ತಳ್ಳಿದಳು. ಹುಳಗಳ ಮೇಲೆ ಅವಳಿಗೆ ಮಮತೆಯೇನೂ ಇರಲಿಲ್ಲ. ಆದರೆ ಹುಳ ಬದುಕಿದ್ದರೆ ಹಕ್ಕಿಮರಿ ಬದುಕುತ್ತದೆ, ಮರಿ ಬದುಕಿದರೆ ಹಾರುತ್ತದೆ, ಮರಿ ಹಾರಿದರೆ ಹಿಂದಿನ ಕೋಣೆ ಖಾಲಿಯಾಗುತ್ತದೆ. ಆ ಕೋಣೆ ಅವಳ ತಾಯಿಗೆ ಬೇಕಿತ್ತು.

ತಾಯಿ ಬಿದ್ದು ಸೊಂಟ ಮುರಿದುಕೊಂಡು, ಈಗ ವಾಕರ್ ಹಿಡಿದು ನಡೆಯುತ್ತಿದ್ದರು. ಇದ್ದದ್ದು ಸೊಸೆಯ ಅಣ್ಣನ ಮನೆಯಲ್ಲಿ. ಅಣ್ಣ ಬೇರೆ ಮನೆಗೆ ಹೋಗುವವನಿದ್ದ. ಹೊಸ ಮನೆಯಲ್ಲಿ ಸೋಫಾ ಹಿಡಿಸುತ್ತದೆ, ಟಿವಿ ಹಿಡಿಸುತ್ತದೆ, ತನ್ನ ಅತ್ತೆ ಮಾತ್ರ ಹಿಡಿಸುವುದಿಲ್ಲ ಎಂದು ಅತ್ತಿಗೆ ಅಳೆದು ನೋಡಿ ಹೇಳಿದ್ದಳು.

ಸೊಸೆಯ ಮನೆಯಲ್ಲೂ ಜಾಗ ಹಾಸಿ ಹೊದೆಯುವಷ್ಟೇನೂ ಇರಲಿಲ್ಲ. ಹಾಲಿನ ಸೋಫಾದ ಮೇಲೆ ಮಗಳು ಮಲಗುತ್ತಿದ್ದಳು. ಗಂಡಹೆಂಡತಿಯ ಕೋಣೆ ಆಮೇಲೆ ಕಟ್ಟಿಸಿದ್ದು, ಹಾಲಿನಿಂದ ಎರಡು ಮೆಟ್ಟಿಲು ಮೇಲೆ. ವಾಕರ್ ಅಲ್ಲಿಗೆ ಹತ್ತುವ ಮಾತೇ ಇಲ್ಲ. ಅತ್ತೆಮಾವನ ಕೋಣೆ ಅತ್ತೆಮಾವನದು. ಉಳಿದದ್ದು ಬಚ್ಚಲಿಗೆ ಅಂಟಿಕೊಂಡ ಹಿಂದಿನ ಕೋಣೆ. ಮೆಟ್ಟಿಲಿಲ್ಲ, ಕಿಟಕಿಯಿದೆ, ಬಿಸಿಲು ಬರುತ್ತದೆ. ಅದರಲ್ಲಿ ಗೋಡೆಯಷ್ಟುದ್ದದ ಪಂಜರ, ಪಂಜರದಲ್ಲಿ ಹೆಬ್ಬೆರಳಿಗಿಂತ ಚೂರು ದಪ್ಪನೆಯ, ಕೆಂಪು ಕೊಕ್ಕಿನ ಫಿಂಚ್ ಹಕ್ಕಿಗಳ ಒಂದು ಜೋಡಿ, ಪಂಜರದ ಕೆಳಗೆ ತೌಡು ತುಂಬಿದ ಟ್ರೇಗಳಲ್ಲಿ ಮಿಜಿಮಿಜಿ ಅನ್ನುವ ಹಳದಿ ಬಣ್ಣದ ಹಿಟ್ಟಿನ ಹುಳಗಳು (ಹೆಚ್ಚಾದವು ಫ್ರಿಜ್ಜಿನ ಡಬ್ಬಿಗೆ), ಪಂಜರದ ಎದುರಿಗೆ ಮಾವನ ಕುರ್ಚಿ.

ಮಾವ ಲಿಫ್ಟ್ ರಿಪೇರಿಯ ಕೆಲಸದಿಂದ ನಿವೃತ್ತರಾದವರು. ಜೀವಮಾನವಿಡೀ ಬೇರೆಯವರನ್ನು ಮೇಲೆ ಕೆಳಗೆ ಓಡಾಡಿಸಿ, ಕೊನೆಗೆ ತಾವು ಆ ಕುರ್ಚಿಯಲ್ಲಿ ಬಂದು ನಿಂತಿದ್ದರು. ತಾಯಿಯ ವಿಷಯ ಎತ್ತಿದಾಗ ಅವರು ಇಲ್ಲ ಅನ್ನಲಿಲ್ಲ.

"ಈಗ ಗೂಡಲ್ಲಿ ಮರಿಗಳಿದಾವಮ್ಮಾ. ಪಂಜರ ಅಲುಗಾಡಿದ್ರೆ ತಾಯಿಹಕ್ಕಿ ಗೂಡು ಬಿಟ್ಬಿಡುತ್ತೆ. ಮರಿ ಹಾರಲಿ. ಮರಿ ಹಾರಿದ ಮೇಲೆ ಹಕ್ಕೀನೂ ಯಾರಿಗಾದ್ರೂ ಕೊಟ್ಬಿಡ್ತೀನಿ, ಕೋಣೆ ನಿನ್ನದು."

ಮಾತು ಕೊಟ್ಟ ವಾರದಲ್ಲೇ ಮಾವನ ಕಣ್ಣಿನ ಪೊರೆ ತೆಗೆದರು. ಬಗ್ಗಬಾರದು, ಭಾರ ಎತ್ತಬಾರದು, ಧೂಳಿನ ಹತ್ತಿರ ಸುಳಿಯಬಾರದು ಎಂದರು ಡಾಕ್ಟರು. ತೌಡಿಗಿಂತ ಧೂಳು ಬೇರೆಯಿಲ್ಲ. ಹುಳ ಹೆಕ್ಕುವುದಕ್ಕಿಂತ ಬಗ್ಗುವ ಕೆಲಸವೂ ಬೇರೆಯಿಲ್ಲ.

"ನನ್ನನ್ನ ನೋಡ್ಬೇಡಿ," ಎಂದು ಅತ್ತೆ ಮೊದಲೇ ಕೈ ತೊಳೆದುಕೊಂಡರು. "ಇವರನ್ನ ಕಟ್ಟಿಕೊಂಡೆ, ಇವರ ಹುಳುಗಳನ್ನಲ್ಲ."

"ನನಗೆ ಪರೀಕ್ಷೆ," ಎಂದಳು ಮೊಮ್ಮಗಳು. ಪರೀಕ್ಷೆ ಇನ್ನೂ ಬಹಳ ದೂರವಿತ್ತು.

"ನೋಡೋಣ," ಎಂದ ಮಗ.

ಹಾಗಾಗಿ ಅದು ಸೊಸೆಯ ಪಾಲಿಗೆ ಬಂತು. ಅವಳು ಬಟ್ಟೆ ತಿದ್ದುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಬಿಚ್ಚಿ ಅಗಲ ಮಾಡುವುದು, ಜಿಪ್ಪು ಬದಲಾಯಿಸುವುದು. ಯಾರು ದಪ್ಪಗಾದರು, ಯಾರು ಬತ್ತಿಹೋದರು ಎಂಬುದು ಅವರ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಹೊಲಿಗೆ ಬಿಚ್ಚಿದಾಗ ದಾರ ಕೀಳುವ ಚಿಮಟವೊಂದನ್ನು ಅಂಗಡಿಯಿಂದ ತಂದಳು. ಬೆಳಿಗ್ಗೆ ಬೇಳೆ ಬೇಯಲು ಇಟ್ಟು ಹಿಂದಿನ ಕೋಣೆಗೆ ಹೋಗಿ ಹುಳ ಹೆಕ್ಕುವುದು, ಮಧ್ಯಾಹ್ನ ಅಂಗಡಿಯಿಂದ ಓಡಿ ಬಂದು ಹೆಕ್ಕುವುದು, ಸಂಜೆ ಚೀಲ ಇಳಿಸುತ್ತಲೇ ಮತ್ತೆ ಹೆಕ್ಕುವುದು.

ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಾಚೆ ಕೂತು ನಿರ್ದೇಶನ ಕೊಡುತ್ತಿದ್ದರು.

"ಹಳದಿಯದು ಗಟ್ಟಿ. ಬಿಳೀದು ಆರಿಸಮ್ಮಾ, ಈಗಷ್ಟೇ ಪೊರೆ ಬಿಟ್ಟಿರುತ್ತಲ್ಲ, ಅದು. ಮರಿ ಗಂಟಲಿಗೆ ಮೆತ್ತಗಿರುತ್ತೆ."

"ಬಿಳೀದೇ ಹಾಕ್ತಿದ್ದೀನಿ ಮಾವ."

"ಅಲ್ಲಾಡ್ತಿರಬೇಕು. ಸತ್ತದ್ದನ್ನ ಅವು ಮೂಸೋದಿಲ್ಲ."

"ನಮ್ಮನೇಲಿ ಆ ಗತ್ತು ಹಕ್ಕಿಗೆ ಮಾತ್ರ," ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. "ನಿನ್ನೆ ಅನ್ನ ಇವತ್ತು ತಿನ್ನಲ್ವಾ ನಾವು?"

ಸೊಸೆ ಧಾರಾಳವಾಗಿ ಹಾಕಿದಳು. ಬೇಗ ತಿಂದರೆ ಬೇಗ ಬೆಳೆದಾವು, ಬೇಗ ಬೆಳೆದರೆ ಬೇಗ ತೊಲಗಿಯಾವು ಎಂಬುದು ಅವಳ ಲೆಕ್ಕ. ಮಾವ ಒಂದು ಚಿಟಿಕೆ ಅಂದರೆ ಇವಳು ಒಂದು ಹಿಡಿ. ಬೋಳುಬೋಳಾಗಿ, ಕಣ್ಣು ಮುಚ್ಚಿ, ಬಾಯಷ್ಟೇ ತೆರೆದುಕೊಂಡು ಹುಟ್ಟಿದ್ದ ಮರಿಗಳಿಗೆ ಪುಕ್ಕ ಬಂತು. ಒಂದು ದಿನ ಅವು ಗೂಡಿನಿಂದ ಹೊರಗೆ ಬಿದ್ದಂತೆ ಹಾರಿ, ಕಡ್ಡಿಯ ಮೇಲೆ ಸಾಲಾಗಿ ಕೂತು, ತಾವೇನೋ ದೊಡ್ಡ ಕೆಲಸ ಮಾಡಿದವರಂತೆ ನೋಡಿದವು.

ಸೊಸೆ ಅಲ್ಲೇ ನಿಂತು ತಾಯಿಗೆ ಫೋನು ಮಾಡಿದಳು.

"ಅಮ್ಮಾ, ಹಾರಿದ್ವು."

"ಯಾರು? ಎಲ್ಲಿಗೆ?"

"ಮರಿಗಳಮ್ಮಾ. ಇನ್ನು ಸ್ವಲ್ಪ ದಿನ, ಅವೇ ಕಾಳು ತಿನ್ನೋಕೆ ಕಲೀಲಿ. ನೀನು ಬಟ್ಟೆ ಜೋಡಿಸ್ಕೊ."

"ಜೋಡಿಸೋದೇನಿದೆ," ಎಂದರು ತಾಯಿ. "ನಿಮ್ಮತ್ತಿಗೆ ಆಗಲೇ ಜೋಡಿಸಿಟ್ಟಿದ್ದಾಳೆ."

ಸೊಸೆ ಅಂಗಡಿಯ ಟೇಪು ತಂದು ಕೋಣೆ ಅಳೆದಳು. ಮಂಚ ಇಲ್ಲಿ, ವಾಕರ್ ಇಲ್ಲಿ ಎಂದು ಮನಸ್ಸಿನಲ್ಲೇ ಹಾಸಿದಳು. ಹುಳ ನಿಲ್ಲಿಸೋಣವೇ ಎಂದು ಮಾವನನ್ನು ಕೇಳಿದಳು. "ಪಾಪ, ಎಳೆಯವು. ಹಾಕ್ತಿರು, ನಿಲ್ಲಿಸ್ಬೇಡ," ಎಂದರು ಅವರು. ಹಾಕುತ್ತಿದ್ದಳು.

ಮರಿಗಳು ಕಾಳು ಒಡೆಯಲು ಕಲಿತವು. ಮಾವ ಅವನ್ನು ಹಳೆಯ ಗೆಳೆಯನೊಬ್ಬನಿಗೆ ಕೊಟ್ಟೂ ಕಳಿಸಿದರು. ಆ ದಿನ ಸೊಸೆ ಪಂಜರದ ಹತ್ತಿರ ಹೋದರೆ ಹೆಣ್ಣುಹಕ್ಕಿ ಕಾಣಿಸಲಿಲ್ಲ. ಬುಟ್ಟಿಗೂಡಿನ ಬಾಯಲ್ಲಿ ಅದರ ಕೆಂಪು ಕೊಕ್ಕು ಮಾತ್ರ ಇಣುಕುತ್ತಿತ್ತು.

"ಮಾವ, ಇದ್ಯಾಕೆ ಗೂಡಲ್ಲಿ ಕೂತಿದೆ?"

ಮಾವ ಕನ್ನಡಕ ಸರಿಮಾಡಿಕೊಂಡರು. "ಮೊಟ್ಟೆ ಇಟ್ಟಿರಬೇಕು."

"ಮತ್ತೆ ಮೊಟ್ಟೆಯಾ?"

"ಏನ್ಮಾಡೋದಮ್ಮಾ. ಪ್ರಕೃತಿ."

ಆ ರಾತ್ರಿಯ ಊಟಕ್ಕೆ ಹುರಿದ ಆಲೂಗಡ್ಡೆ ತಳ ಹಿಡಿದಿತ್ತು. ಎಲ್ಲರೂ ಕರಕಲನ್ನು ಬದಿಗೊತ್ತಿ ತಿಂದರು.

"ಅಣ್ಣ ಮನೆ ಖಾಲಿ ಮಾಡ್ತಿದ್ದಾನೆ ಕಣ್ರೀ. ಅಮ್ಮನ್ನ ಬೀದೀಲಿ ಕೂರಿಸ್ಲಾ?" ಎಂದಳು ಗಂಡನಿಗೆ.

"ನೋಡೋ..."

"ಅದೊಂದು ಮಾತು ಆಡ್ಬೇಡಿ! ಬಸ್ಸಲ್ಲೂ ಸ್ಟಾಪು ಬಂದಾಗ ಹಿಂಗೇ ಅಂತೀರಾ?"

"ಬಸ್ಸಿಗೆ ಬ್ರೇಕಿದೆ," ಎಂದು ಅವನು ತಟ್ಟೆ ಎತ್ತಿಕೊಂಡು ಎದ್ದ.

ಮತ್ತೆ ವಾರಗಳು ಹೋದವು. ಮೊಟ್ಟೆಗಳು ಮರಿಯಾದವು. ಅಣ್ಣನ ಫೋನುಗಳು ಉದ್ದ ಕಡಿಮೆಯಾಗಿ ಸಂಖ್ಯೆಯಲ್ಲಿ ಹೆಚ್ಚಾದವು. ಸೊಸೆಯ ಬೆರಳಿಗೆ ತೌಡಿನ ವಾಸನೆ ಅಂಟಿಕೊಂಡು ಸೋಪಿಗೂ ಜಗ್ಗದಾಯಿತು. ಅಂಗಡಿಯಲ್ಲಿ ಗಿರಾಕಿಯೊಬ್ಬರು ತಮ್ಮ ಕೋಟನ್ನು ಮೂಸಿ ನೋಡಿ ಅವಳ ಮುಖ ನೋಡಿದರು. ಅವಳು ಗುಂಡಿ ಹುಡುಕುವವಳಂತೆ ಬಗ್ಗಿದಳು.

ಒಂದು ರಜೆಯ ದಿನ ಅತ್ತೆ, ಸೊಸೆ ಇಬ್ಬರೂ ಎದುರುಬದುರು ಕೂತು ಈರುಳ್ಳಿ ಹೆಚ್ಚುತ್ತಿದ್ದರು.

"ಇದೆಂಥಾ ಕರ್ಮ ಅತ್ತೆ. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು."

"ಹುಳ ಹಾಕ್ತಿರೋವರೆಗೂ ಹಂಗೇ."

"ಹಂಗೇ ಅಂದ್ರೆ?"

"ಹುಳ ಕಂಡ್ರೆ ಅವಕ್ಕೆ ಸುಗ್ಗಿ ಬಂದಂಗೆ. ಮೊಟ್ಟೆ ಇಡ್ತವೆ. ಬರೀ ಒಣಕಾಳು ಹಾಕು, ತೆಪ್ಪಗೆ ಕೂತಿರ್ತವೆ. ಇಷ್ಟು ವರ್ಷ ನಾನೇನು ಕಣ್ಣು ಮುಚ್ಚಿಕೊಂಡಿದ್ನಾ?"

ಸೊಸೆಯ ಚಾಕು ನಿಂತಿತು.

"ಹಾರಿದ ಮೇಲೂ ಹಾಕು ಅಂದ್ರು ಮಾವ."

"ಅಂದ್ರು."

"ಅವರಿಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತು."

"ಗೊತ್ತಿತ್ತು."

"ಒಂದು ಮಾತು ಹೇಳ್ಬಾರದಿತ್ತಾ ಅತ್ತೆ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಈರುಳ್ಳಿಯ ಕಾರಣಕ್ಕೆ. "ಬೀಗಿತ್ತಿ ಬಂದು ಕೂರೋದು ನನಗೇನು ಸಂಭ್ರಮವಾ? ಅರ್ಧ ಅಡುಗೆಮನೆ ನಿನಗೆ ಬಿಟ್ಟಾಯ್ತು. ಇನ್ನರ್ಧ ನಿಮ್ಮಮ್ಮನಿಗಾ?"

"ಅಮ್ಮನಿಗೆ ನಿಂತ್ಕೊಳ್ಳೋಕೇ ಆಗಲ್ಲ, ಅಡುಗೆ ಎಲ್ಲಿ ಮಾಡ್ತಾಳೆ?"

"ಕೂತಲ್ಲಿಂದ ಹೇಳೋಕೆ ಬಾಯಿದೆಯಲ್ಲ. ನನಗೆ ಉಳಿದಿರೋದೂ ಅದೊಂದೇ."

ಸೊಸೆ ಎದ್ದು ಹೋಗಿ ಮಾವನ ಮುಂದೆ ನಿಂತಳು. ಕೈಯಲ್ಲಿ ಚಾಕು ಹಾಗೇ ಇತ್ತು. ಮೊಮ್ಮಗಳು ಪುಸ್ತಕ ಕೆಳಗಿಟ್ಟು ನೋಡಿದಳು.

"ಮಾವ, ಹುಳ ಹಾಕಿದ್ರೆ ಮತ್ತೆ ಮೊಟ್ಟೆ ಇಡ್ತವೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು."

"ಯಾಕೆ ಹಾಕಿಸಿದ್ರಿ?"

"ನೀನೂ ಹಿಡಿಗಟ್ಟಲೆ ಹಾಕಿದ್ಯಲ್ಲಮ್ಮಾ. ನಾನು ಚಿಟಿಕೆ ಅಂದಿದ್ದೆ."

"ನನ್ನ ಮೇಲೆ ಹಾಕ್ತೀರಾ? ಸರಿ. ನಾಳೆಯಿಂದ ಹುಳ ಇಲ್ಲ."

ಮಾವ ಕನ್ನಡಕ ತೆಗೆದರು. ಕಣ್ಣು ಇನ್ನೂ ಕೆಂಪಗಿತ್ತು. "ಮರಿ ಇದ್ದಾಗ ಹುಳ ನಿಲ್ಲಿಸಬಾರದಮ್ಮಾ. ತಿನ್ನಿಸೋಕೆ ಇಲ್ಲ ಅಂದ್ರೆ ಹೆತ್ತ ಹಕ್ಕಿಗಳೇ ಮರೀನ ಗೂಡಿಂದ ಆಚೆ ತಳ್ತವೆ."

"ತಳ್ಳಲಿ. ನಮ್ಮಣ್ಣ ತಳ್ತಿಲ್ವಾ?"

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

ಮರುದಿನ ಬೆಳಿಗ್ಗೆ ಅವಳು ಬೇಳೆ ಬೇಯಿಸಿದಳು, ಬ್ರೆಡ್ಡು ಕಾಯಿಸಿದಳು, ಮಗಳ ಡಬ್ಬಿ ಕಟ್ಟಿದಳು, ಮಾವನ ಕಣ್ಣಿಗೆ ಹನಿ ಹಾಕಿದಳು. ಹಿಂದಿನ ಕೋಣೆಯ ಕಡೆ ಹೋಗಲಿಲ್ಲ. ಮಾವ ಅವಳಿಗೆ ಕೇಳಿಸುವಂತೆ ಎರಡು ಸಲ ಕೆಮ್ಮಿದರು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಅಂಗಡಿಯಲ್ಲಿ ಮದುವೆ ಸೂಟೊಂದಿತ್ತು. ವರ ಬಟ್ಟೆ ಹೊಲಿಸಿದ ಮೇಲೆ ದಪ್ಪಗಾಗಿದ್ದ. ಅವಳು ಬಿಚ್ಚಬೇಕಿದ್ದ ಹೊಲಿಗೆಯನ್ನು ಬಿಟ್ಟು ಬಿಚ್ಚಬಾರದ್ದನ್ನು ಬಿಚ್ಚಿದಳು. ದಾರ ಕೀಳಲು ಕೈ ಚೀಲದೊಳಗೆ ಹೋಯಿತು. ಚಿಮಟ ಸಿಕ್ಕಲಿಲ್ಲ, ಅದು ಮನೆಯಲ್ಲಿತ್ತು. "ಹುಷಾರಿಲ್ವಾ?" ಎಂದರು ಅಂಗಡಿಯವರು. "ಇದ್ದೀನಿ," ಎಂದಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿ, ಮನೆಗೆ ನಡೆದಳು.

ಹಿಂದಿನ ಕೋಣೆಯಲ್ಲಿ ಮಾವ ನೆಲದ ಮೇಲೆ ಮೊಣಕಾಲೂರಿ ಕೂತಿದ್ದರು. ಕಪ್ಪು ಕನ್ನಡಕದ ಮೇಲೆಲ್ಲ ತೌಡು. ಟ್ರೇಯೊಳಗೆ ಕೈಯಾಡಿಸುತ್ತ, ಬೆರಳಿಗೆ ಸಿಕ್ಕಿದ್ದನ್ನು ಕಣ್ಣ ಹತ್ತಿರ ಹಿಡಿದು, ಬಿಳಿಯೋ ಹಳದಿಯೋ ತಿಳಿಯದೆ ಬಟ್ಟಲಿಗೆ ಹಾಕುತ್ತಿದ್ದರು. ಬಟ್ಟಲಿನಲ್ಲಿ ತೌಡು, ಒಣಗಿದ ಪೊರೆ, ಹುಳ ಬಲಿತು ಆದ ಒಂದು ಕಪ್ಪು ಜೀರುಂಡೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಬೆಳಗಿಂದ ಬಾಯಿ ಬಡ್ಕೊಳ್ತಿದ್ದೀನಿ. ಎದ್ದೇಳಿ ಅಂದ್ರೆ ಏಳಲ್ಲ. ಕಣ್ಣು ಹೋದ್ರೆ ನಾನು ಕೈಹಿಡಿದು ಓಡಾಡಿಸಲ್ಲ, ಈಗಲೇ ಹೇಳಿದೀನಿ."

ಪಂಜರದ ತಳದಲ್ಲಿ, ಕಾಳಿನ ಸಿಪ್ಪೆಯ ಮೇಲೆ, ಒಂದು ಮರಿ ಬಿದ್ದಿತ್ತು. ಪುಕ್ಕವಿಲ್ಲದ್ದು. ಸೊಸೆ ಅದನ್ನು ಅಂಗೈಗೆ ತೆಗೆದುಕೊಂಡಳು. ಅದು ತಣ್ಣಗಿತ್ತು, ಬಾಯಿ ತೆರೆಯಲಿಲ್ಲ.

"ಬಿದ್ದಿದ್ಯಾ?" ಎಂದರು ಮಾವ, ತಲೆಯೆತ್ತದೆ.

"ಹೂಂ."

"ಒಂದಾ?"

"ಒಂದು."

"ಯಾವಾಗ್ಲೂ ಒಂದು ಹೋಗುತ್ತೆ," ಎಂದರು ಮಾವ. "ನಾನು ಹಾಕ್ತಿದ್ದಾಗ್ಲೂ ಹೋಗ್ತಿತ್ತು."

ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು. ಸೊಸೆ ಇನ್ನೊಂದು ಕೈಯಿಂದ ಮಾವನ ತೋಳು ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ಚಿಮಟ ತೆಗೆದುಕೊಂಡು ಬಿಳಿಯವನ್ನು ಹೆಕ್ಕಿ ಪಂಜರದೊಳಗಿಟ್ಟಳು. ಗಂಡುಹಕ್ಕಿ ಕೂಡಲೇ ಇಳಿದು ಬಂದು ಬಾಯ್ತುಂಬ ಕಚ್ಚಿಕೊಂಡು ಗೂಡಿಗೆ ಹಾರಿತು. ಒಳಗಿಂದ ಚೀ ಚೀ ಎಂಬ ಗಲಾಟೆ ಕೇಳಿತು.

"ಕೋಣೆ ಕೊಡಲ್ಲ ಅಂತ ನೇರವಾಗಿ ಹೇಳ್ಬಹುದಿತ್ತು ಮಾವ."

"ಕೊಡ್ತೀನಿ ಅಂತ ಬಾಯಲ್ಲಿ ಬಂದ್ಬಿಟ್ಟಿತ್ತಲ್ಲಮ್ಮಾ." ಮಾವ ಕನ್ನಡಕದ ತೌಡು ಒರೆಸಿದರು. "ಈ ಕೋಣೆ ಹೋದ್ರೆ ನಾನೆಲ್ಲಿ ಕೂತ್ಕೊಳ್ಳಲಿ? ಹಾಲಲ್ಲಿ ಕೂತ್ರೆ ಮೊಮ್ಮಗಳಿಗೆ ಓದೋಕಾಗಲ್ಲ. ಅಡುಗೆಮನೆಗೆ ಹೋದ್ರೆ ಇವಳು..."

"ನನ್ನ ಅಡುಗೆಮನೆ ಬೇಡವೇ ಬೇಡ," ಎಂದರು ಅತ್ತೆ.

"ಕೇಳಿದ್ಯಲ್ಲ."

ಸೊಸೆ ಮತ್ತೊಂದು ಹುಳ ಹೆಕ್ಕಿದಳು. "ಪಂಜರಾನ ನಮ್ಮ ಕೋಣೆಗೆ ಹಾಕ್ತೀನಿ. ಹಕ್ಕಿ ಗೂಡು ಬಿಡುತ್ತೋ ಇಲ್ವೋ, ಅದರ ಹಣೆಬರಹ. ಅಮ್ಮ ಈ ಭಾನುವಾರ ಬರ್ತಾಳೆ. ಯಾರನ್ನೂ ಕೇಳ್ತಿಲ್ಲ ನಾನು, ಹೇಳ್ತಿದ್ದೀನಿ."

ಅತ್ತೆ ಏನೋ ಹೇಳಲು ಬಾಯಿ ತೆರೆದರು. ಸೊಸೆಯ ಅಂಗೈಯಲ್ಲಿ ಆ ಮರಿ ಇನ್ನೂ ಇತ್ತು. ಅವರು ಅದನ್ನು ನೋಡಿದರು, ಸೊಸೆಯ ಮುಖ ನೋಡಿದರು.

"ರಾತ್ರಿ ಅಲ್ಲಿ ಥಂಡಿ ಬರುತ್ತೆ. ಮಂಚ ಕಿಟಕಿಯಿಂದ ದೂರ ಹಾಕು," ಎಂದು ಒಳಗೆ ಹೋದರು.

ಶನಿವಾರ ಪಂಜರ ಹೊರಟಿತು. ಮಾವ ಎದ್ದು ನಿಂತು, ಭಾರ ಮುಟ್ಟದೆ, ಹಳೆಯ ಕಸುಬಿನ ಗತ್ತಿನಲ್ಲಿ ಹುಕುಂ ಕೊಟ್ಟರು. "ನಿಧಾನ. ಎಡಗಡೆ ಇಳೀತಿದೆ, ಎತ್ತು. ಎತ್ತು ಅಂದ್ರೆ ಕುಲುಕು ಅಂತಲ್ಲ. ಮೆಟ್ಟಿಲು ಬಂತು, ನಿಲ್ಲಿ. ಈಗ ಮೇಲಕ್ಕೆ, ಸಮವಾಗಿ, ಸಮವಾಗಿ." ಮಗ ಒಂದು ಕಡೆ, ಸೊಸೆ ಒಂದು ಕಡೆ, ನಡುವೆ ಮೊಮ್ಮಗಳು ಗೂಡಿನ ಬುಟ್ಟಿ ಅಲ್ಲಾಡದಂತೆ ಸರಳಿನೊಳಗೆ ಬೆರಳು ತೂರಿಸಿ ಹಿಡಿದಿದ್ದಳು. ಪಂಜರವನ್ನು ಬೀರುವಿನ ಪಕ್ಕ ಇಟ್ಟರು. ಹೆಣ್ಣುಹಕ್ಕಿ ದೂರದ ಕಡ್ಡಿಗೆ ಹೋಗಿ ಬೆನ್ನು ತಿರುಗಿಸಿ ಕೂತಿತು. ಗೂಡಿನಲ್ಲಿ ಮರಿಗಳು ಅರಚಿ ಅರಚಿ ಸುಮ್ಮನಾದವು. ಮನೆಯವರೆಲ್ಲ ಮಂಚದ ಮೇಲೆ ಸಾಲಾಗಿ ಕೂತರು. ಕಡೆಯದಾಗಿ ಅತ್ತೆಯೂ ಬಂದು, ತನಗೇನೂ ಸಂಬಂಧವಿಲ್ಲದವರಂತೆ, ಬಾಗಿಲಿಗೊರಗಿ ನಿಂತರು.

"ಗೂಡಿಗೆ ಹೋಗುತ್ತಾ ತಾತ?"

"ನೋಡೋಣ," ಎಂದರು ಮಾವ. ಯಾರೂ ನಗಲಿಲ್ಲ.

ಕಿಟಕಿಯ ಬಿಸಿಲು ಬೀರುವಿನಿಂದ ಗೋಡೆಗೆ ಸರಿಯುವಷ್ಟು ಹೊತ್ತಾದ ಮೇಲೆ ಸೊಸೆ ಎದ್ದು, ಹುಳದ ಬಟ್ಟಲನ್ನು ಗೂಡಿನ ಬಾಯಿಗೇ ತಾಗಿಸಿಟ್ಟಳು. ಹಕ್ಕಿ ಕತ್ತು ಹೊರಳಿಸಿತು. ಬಂತು. ಒಂದು ಕಚ್ಚಿಕೊಂಡು ಒಳಗೆ ಹೋಯಿತು.

ಭಾನುವಾರ ತಾಯಿ ಬಂದರು. ಅಣ್ಣ ಬಾಗಿಲವರೆಗೆ ಬಂದು, ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಹೇಳಿ ಹೋದ. ಬೀಗಿತ್ತಿಯರು ಮೊದಲ ದಿನ ತುಂಬ ಮರ್ಯಾದೆಯಿಂದ ಮಾತಾಡಿಕೊಂಡರು, ಮೂರನೆಯ ದಿನ ಅನ್ನ ಎಷ್ಟು ಬೇಯಬೇಕು ಎಂಬುದರ ಬಗ್ಗೆ ವಾದಕ್ಕಿಳಿದರು. ಉಳಿದ ಮರಿಗಳು ಹಾರಿದವು. ಆಮೇಲೆ ಹುಳ ಹಾಕುವುದನ್ನು ನಿಲ್ಲಿಸಲಾಯಿತು, ಹಕ್ಕಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಜೋಡಿಯನ್ನು ಯಾರಿಗಾದರೂ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಮಾವನ ಕುರ್ಚಿ ಈಗ ಗಂಡಹೆಂಡತಿಯ ಕೋಣೆಯಲ್ಲಿದೆ. ಬೆಳಕು ಹರಿಯುವ ಮೊದಲೇ ಅವರು ಬಂದು ಬಾಗಿಲು ತಟ್ಟುತ್ತಿದ್ದರು. ಎರಡು ವಾರ ತಡೆದುಕೊಂಡು, ಸೊಸೆ, ಅವಳ ಗಂಡ ಇಬ್ಬರೂ ಹಾಸಿಗೆಯನ್ನು ಹಾಲಿಗೆ ತಂದರು. ಮಗಳು ಗೊಣಗಿ ಸೋಫಾವನ್ನು ಗೋಡೆಗೆ ತಳ್ಳಿಕೊಂಡಳು. ಮೂವರೂ ಈಗ ಅಲ್ಲೇ ಮಲಗುತ್ತಾರೆ.